ಎಲ್‌ಎಂಎಸ್ ಕೊಳ್ಳುವ ಮುನ್ನ: ನಡೆಸುವವರು ಯಾರು, ಬಿಡುವಾಗ ಕೈಗೆ ಸಿಗುವುದೇನು?

ಎಲ್‌ಎಂಎಸ್ (ನೋಟ್ಸ್, ಅಸೈನ್‌ಮೆಂಟ್, ಕ್ವಿಜ್, ಅಂಕಗಳನ್ನು ಆನ್‌ಲೈನಿನಲ್ಲಿ ನಡೆಸುವ ಕಲಿಕಾ ನಿರ್ವಹಣಾ ತಂತ್ರಾಂಶ) ಡೆಮೊ ನೋಡಿ 'ನಮಗೆ ಬೇಡ' ಎಂದು ಎದ್ದುಬಂದ ಕಾಲೇಜು ಸಮಿತಿಗಳು ಕಡಿಮೆ. ಪ್ರೊಜೆಕ್ಟರ್ ಮೇಲೆ ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ಹಾಜರಾತಿಗೊಂದು ಪೈ ಚಾರ್ಟ್, ಇಂಟರ್ನಲ್ಸ್‌ಗೊಂದು ಗ್ರಾಫ್. ಕೊನೆಗೆ 'ನ್ಯಾಕ್ ರಿಪೋರ್ಟ್ ಒಂದೇ ಕ್ಲಿಕ್ಕಿಗೆ ಬರುತ್ತೆ ಸಾರ್' ಎಂಬ ಮಾತು; ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ. ಪರದೆಯ ಮೇಲಿನ ಆ ಕಾಲೇಜಿನಲ್ಲಿ ಹತ್ತಿಪ್ಪತ್ತು ವಿದ್ಯಾರ್ಥಿಗಳಿರುತ್ತಾರೆ, ಎಲ್ಲರ ಬಳಿಯೂ ಲ್ಯಾಪ್‌ಟಾಪ್ ಇರುತ್ತದೆ, ಯಾರೂ ಪಾಸ್‌ವರ್ಡ್ ಮರೆತಿರುವುದಿಲ್ಲ. ಮಳವಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗ, ಅಣ್ಣನ ಫೋನಿನಲ್ಲಿ ರಾತ್ರಿ ಒಂಬತ್ತರ ನಂತರ ನೋಟ್ಸ್ ನೋಡುವ ಹುಡುಗಿ, ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರು, ಇವರ್ಯಾರೂ ಡೆಮೊದಲ್ಲಿ ಕಾಣುವುದಿಲ್ಲ.

ಮೈಸೂರು, ಮಂಡ್ಯ ಜಿಲ್ಲೆಗಳ ಕಾಲೇಜುಗಳು ಎಲ್‌ಎಂಎಸ್ ಕಡೆ ತಿರುಗಿದ್ದು ಎರಡು ತಳ್ಳಾಟಗಳಿಂದ. ಮೊದಲನೆಯದು 2020ರ ಮಾರ್ಚಿನ ಲಾಕ್‌ಡೌನ್. ಆಗ ಸಿಕ್ಕಿದ್ದನ್ನು ಹಿಡಿದುಕೊಂಡೆವು: ವಾಟ್ಸ್‌ಆ್ಯಪ್ ಗುಂಪು, ಜೂಮ್, ಗೂಗಲ್ ಮೀಟ್, ಯಾರದೋ ಖಾಸಗಿ ಜಿಮೇಲಿನಲ್ಲಿ ತೆರೆದ ಗೂಗಲ್ ಕ್ಲಾಸ್‌ರೂಮ್. ಎರಡನೆಯದು ನ್ಯಾಕ್ ಮತ್ತು ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ. ಬೋಧನೆಯಲ್ಲಿ ತಂತ್ರಜ್ಞಾನ ಬಳಸುತ್ತೀರಾ, ಪುರಾವೆ ಎಲ್ಲಿ ಎಂದು ಇವು ಕೇಳುತ್ತವೆ. ಕಾಲೇಜಿಗೆ ಪುರಾವೆ ಬೇಕು, ಮಾರುವವರಿಗೆ ಅದು ಗೊತ್ತು. ಹೀಗಾಗಿ ಎಷ್ಟೋ ಕಡೆ ಎಲ್‌ಎಂಎಸ್ ಎನ್ನುವುದು ಪರಿಶೀಲನೆಗೆ ಪಿಯರ್ ಟೀಮ್ ಬರುವ ವರ್ಷ ಕೊಂಡು, ಅವರು ಹೋದ ಮೇಲೆ ಮುಚ್ಚಿಡುವ ಸಾಮಾನಾಗಿದೆ.

ನನ್ನ ವಾದ ಚಿಕ್ಕದು. ಯಾವ ಎಲ್‌ಎಂಎಸ್‌ನಲ್ಲಿ ಎಷ್ಟು ಸೌಲಭ್ಯವಿದೆ ಎಂಬ ಪಟ್ಟಿಯನ್ನು ಸಮಿತಿಗಳು ಗಂಟೆಗಟ್ಟಲೆ ಹೋಲಿಸುತ್ತವೆ. ಆ ಪಟ್ಟಿಯಲ್ಲಿ ದೊಡ್ಡ ವ್ಯತ್ಯಾಸವೇ ಇಲ್ಲ. ನೋಟ್ಸ್ ಹಾಕುವುದು, ಅಸೈನ್‌ಮೆಂಟ್ ತೆಗೆದುಕೊಳ್ಳುವುದು, ಕ್ವಿಜ್ ಮಾಡುವುದು, ಅಂಕ ತೋರಿಸುವುದು ಎಲ್ಲದರಲ್ಲೂ ಇದೆ. ವ್ಯತ್ಯಾಸ ಇರುವುದು ಎರಡು ಕಡೆ: ಇದನ್ನು ನಿಮ್ಮ ಕಾಲೇಜಿನಲ್ಲಿ ದಿನಾ ನಡೆಸುವವರು ಯಾರು, ಮತ್ತು ನಾಳೆ ಬಿಡಬೇಕಾಗಿ ಬಂದರೆ ಏನೇನು ಹೊತ್ತುಕೊಂಡು ಹೊರಬರಬಹುದು.

ಮೊದಲು ಗೊಂದಲ ತಿಳಿಯಾಗಲಿ

'ನಮ್ಮಲ್ಲಿ ಆಗಲೇ ಯುಯುಸಿಎಂಎಸ್ ಇದೆಯಲ್ಲ, ಮತ್ತೆ ಇದೇಕೆ?' ಎಂದು ಕೇಳುವ ಪ್ರಾಂಶುಪಾಲರಿದ್ದಾರೆ. ಯುಯುಸಿಎಂಎಸ್ ಎಂಬ ರಾಜ್ಯದ ಪೋರ್ಟಲ್ ಇರುವುದು ಪ್ರವೇಶ, ಪರೀಕ್ಷಾ ಅರ್ಜಿ, ಅಂಕ, ಫಲಿತಾಂಶಕ್ಕೆ. ಪಾಠ ನಡೆಯುವುದು ಅದರಲ್ಲಿ ಅಲ್ಲ. ಸ್ವಯಂ (2017ರಲ್ಲಿ ಆರಂಭ), ಎನ್‌ಪಿಟಿಇಎಲ್, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಇವು ಬೇರೆಯವರು ಮಾಡಿಟ್ಟ ಕೋರ್ಸ್‌ಗಳ ಕಣಜ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಕೊಡಬಹುದು. ಆದರೂ ನಿಮ್ಮ ಕಾಲೇಜಿನ ಎರಡನೇ ಬಿಎ ತರಗತಿಗೆ ನಿಮ್ಮ ಮೇಷ್ಟ್ರು ಕೊಟ್ಟ ಅಸೈನ್‌ಮೆಂಟ್ ಅಲ್ಲಿ ಸಿಗುವುದಿಲ್ಲ. ಇನ್ನು ಇಆರ್‌ಪಿ: ಫೀಸು, ಸಂಬಳ, ಹಾಸ್ಟೆಲ್, ಬಸ್ಸು, ಲೈಬ್ರರಿ ನೋಡಿಕೊಳ್ಳುವ ಕಚೇರಿ ತಂತ್ರಾಂಶ. ಇತ್ತೀಚೆಗೆ ಇಆರ್‌ಪಿ ಮಾರುವವರು ಅದರ ಜೊತೆ 'ಎಲ್‌ಎಂಎಸ್ ಮಾಡ್ಯೂಲ್ ಫ್ರೀ' ಎನ್ನುತ್ತಾರೆ. ಆ ಫ್ರೀ ಮಾಡ್ಯೂಲ್ ಹೆಚ್ಚಿನ ಕಡೆ ಪಿಡಿಎಫ್ ಹಾಕುವ ಒಂದು ಪುಟ, ಅಷ್ಟೆ.

ರಾಜ್ಯ ಉನ್ನತ ಶಿಕ್ಷಣ ಇಲಾಖೆಯೂ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆಂದು 2021ರಲ್ಲಿ 'ಕರ್ನಾಟಕ ಎಲ್‌ಎಂಎಸ್' ತಂದಿತು. ಎಲ್ಲ ಕಾಲೇಜಿಗೂ ಒಂದೇ ವ್ಯವಸ್ಥೆ ಎಂಬ ಯೋಚನೆಯಲ್ಲಿ ತಪ್ಪಿಲ್ಲ. ಸರ್ವರ್ ಖರ್ಚು, ನಿರ್ವಹಣೆ ಇಲಾಖೆಯದು. ಸರ್ಕಾರಿ ಕಾಲೇಜಿನವರು ಹೊಸದನ್ನು ಹುಡುಕುವ ಮುನ್ನ ಅದರಲ್ಲಿ ತಮ್ಮ ಕೋರ್ಸ್‌ಗಳನ್ನು ತಾವೇ ಬದಲಾಯಿಸಲು ಎಷ್ಟು ಸ್ವಾತಂತ್ರ್ಯವಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾಲಯದಂಥ ದೂರಶಿಕ್ಷಣ ಸಂಸ್ಥೆಯ ಲೆಕ್ಕವೇ ಬೇರೆ. ಅಲ್ಲಿ ಎಲ್‌ಎಂಎಸ್ಸೇ ತರಗತಿ. ದಿನಾ ಎದುರಿಗೆ ಕೂರುವ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಅದು ತರಗತಿಯ ಹಿಂದಿನ ಕಪಾಟು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲೇಬೇಕೆಂದಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆ

ಮೂಡಲ್ 2002ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಮಾರ್ಟಿನ್ ಡೂಗಿಯಮಾಸ್ ಎಂಬವರು ಹೊರತಂದ ಮುಕ್ತ ಎಲ್‌ಎಂಎಸ್ ತಂತ್ರಾಂಶ. ಲೈಸೆನ್ಸಿಗೆ ಒಂದು ರೂಪಾಯಿಯೂ ಇಲ್ಲ. ಸಮಿತಿಯ ಸಭೆಯಲ್ಲಿ 'ಫ್ರೀ' ಎಂದ ಕೂಡಲೇ ಆಡಳಿತ ಮಂಡಳಿಯವರ ಮುಖ ಅರಳುತ್ತದೆ. ಕಂಪ್ಯೂಟರ್ ಸೈನ್ಸ್ ವಿಭಾಗದ ಉತ್ಸಾಹಿ ಉಪನ್ಯಾಸಕರೊಬ್ಬರು ಒಂದು ವಾರಾಂತ್ಯ ಕೂತು ಅದನ್ನು ಇನ್‌ಸ್ಟಾಲ್ ಮಾಡಿಯೂ ಬಿಡುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ.

ಮೊದಲ ಇಂಟರ್ನಲ್ಸ್‌ನಲ್ಲಿ ಆನ್‌ಲೈನ್ ಕ್ವಿಜ್ ಇಡೋಣ ಎಂದು ನಿಶ್ಚಯವಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಆರುನೂರು ವಿದ್ಯಾರ್ಥಿಗಳು ಒಂದೇ ನಿಮಿಷದಲ್ಲಿ 'ಅಟೆಂಪ್ಟ್' ಒತ್ತುತ್ತಾರೆ. ದಿನವಿಡೀ ಆರುನೂರು ಜನ ನೋಟ್ಸ್ ಓದಿದರೆ ಸಣ್ಣ ಸರ್ವರ್ ತಡೆದುಕೊಳ್ಳುತ್ತದೆ. ಏಕಕಾಲಕ್ಕೆ ಆರುನೂರು ಉತ್ತರ ಬರೆದು ಉಳಿಸುವ ಕೆಲಸ ಬಂದಾಗ ಮಂಡಿಯೂರುತ್ತದೆ. ಪುಟ ತಿರುಗುತ್ತಲೇ ಇರುತ್ತದೆ, ಹುಡುಗರು ರಿಫ್ರೆಶ್ ಒತ್ತುತ್ತಾರೆ, ಹೊರೆ ಇನ್ನಷ್ಟು ಏರುತ್ತದೆ. ಆ ಉತ್ಸಾಹಿ ಉಪನ್ಯಾಸಕರು ಆ ಹೊತ್ತಿಗೆ ಇನ್ನೊಂದು ತರಗತಿಯಲ್ಲಿ ಪಾಠ ಮಾಡುತ್ತಿರುತ್ತಾರೆ. ಇದಕ್ಕೆ ಮದ್ದು ಇಲ್ಲದೆ ಏನಿಲ್ಲ. ಸೆಕ್ಷನ್‌ವಾರು ಹದಿನೈದು ನಿಮಿಷದ ಅಂತರ ಇಡಬಹುದು, ಪರೀಕ್ಷೆಯ ವಾರದ ಮಟ್ಟಿಗೆ ಕ್ಲೌಡ್ ಸರ್ವರಿನ ಗಾತ್ರ ಹೆಚ್ಚಿಸಬಹುದು, ಮೊದಲೇ ಭಾರ ಪರೀಕ್ಷೆ ಮಾಡಿ ನೋಡಬಹುದು. ಆದರೆ ಇವೆಲ್ಲ ಯಾರೋ ಒಬ್ಬರ ಕೆಲಸವಾಗಿರಬೇಕು.

ಇಷ್ಟಲ್ಲದೆ ಅಪ್‌ಗ್ರೇಡ್ ಇದೆ. ಮೂಡಲ್ ವರ್ಷಕ್ಕೆರಡು ಹೊಸ ಆವೃತ್ತಿ ಬಿಡುತ್ತದೆ, ಆಗಾಗ ಒಂದನ್ನು ದೀರ್ಘಾವಧಿ ಬೆಂಬಲದ್ದೆಂದು ಗುರುತಿಸುತ್ತದೆ. 2024ರ ಅಕ್ಟೋಬರಿನ 4.5 ಅಂಥದ್ದು. ಬೆಂಬಲ ಮುಗಿದ ಹಳೆಯ ಆವೃತ್ತಿಗೆ ಭದ್ರತಾ ತೇಪೆ ಬರುವುದಿಲ್ಲ. ಐದಾರು ವರ್ಷದ ಹಿಂದೆ ಹಾಕಿದ ಮೂಡಲ್ ಹಾಗೇ ಓಡುತ್ತಿದೆ, ಹಾಕಿದವರು ಕೆಲಸ ಬಿಟ್ಟಿದ್ದಾರೆ, ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎನ್ನುವ ಸ್ಥಿತಿ ಬಹಳ ಮಾಮೂಲು. ಆಲೆಮನೆಯಲ್ಲಿ ಗಾಣ ಎಷ್ಟೇ ಹೊಸದಿರಲಿ, ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುವವನಿಲ್ಲದಿದ್ದರೆ ಬೆಲ್ಲ ಆಗುವುದಿಲ್ಲ. ಮೂಡಲ್ ವಿಚಾರದಲ್ಲಿ ಪಾಕ ನೋಡುವವನ ಸಂಬಳವೇ ನಿಜವಾದ ಬೆಲೆ.

ಗೂಗಲ್ ಕ್ಲಾಸ್‌ರೂಮ್ (2014) ಈ ಕಷ್ಟವನ್ನು ಬಹುಪಾಲು ತೆಗೆದುಹಾಕುತ್ತದೆ. ಸರ್ವರ್ ಅವರದು, ಅಪ್‌ಡೇಟ್ ಅವರದು. ಹೆಚ್ಚಿನ ವಿದ್ಯಾರ್ಥಿಗಳ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನೇ ಆದ್ದರಿಂದ ಕಲಿಸುವ ಕೆಲಸವೂ ಕಡಿಮೆ. ಬದಲಿಗೆ ನೀವು ಬಿಟ್ಟುಕೊಡುವುದು ನಿಯಂತ್ರಣ. ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸ್ಟೋರೇಜ್ ಎಂದು ಕೊಟ್ಟಿದ್ದನ್ನು 2021ರಲ್ಲಿ ಬದಲಿಸಿ, ಒಂದು ಸಂಸ್ಥೆಗೆ ಒಟ್ಟು 100 ಟಿಬಿ ಎಂದು ಗೂಗಲ್ ಘೋಷಿಸಿತು. ಹಳೆಯ ಸಂಸ್ಥೆಗಳಿಗೆ ಅದು ಜಾರಿಗೆ ಬಂದದ್ದು 2022ರ ಜುಲೈನಲ್ಲಿ. ಕಾಲೇಜೊಂದಕ್ಕೆ 100 ಟಿಬಿ ಸಾಕಷ್ಟಾಯಿತು. ಆದರೆ ಲಾಕ್‌ಡೌನ್ ಕಾಲದಲ್ಲಿ ಪ್ರತಿ ತರಗತಿಯನ್ನೂ ರೆಕಾರ್ಡ್ ಮಾಡಿ ಡ್ರೈವಿನಲ್ಲಿ ರಾಶಿ ಹಾಕಿದ್ದವರಿಗೆ ಬಿಸಿ ತಟ್ಟಿತು. ಮೀಟ್ ರೆಕಾರ್ಡಿಂಗ್ ಸೌಲಭ್ಯವೂ ಉಚಿತ ಹಂತದಿಂದ ಹೋಯಿತು. ಪುಕ್ಕಟೆ ಕೊಟ್ಟವರು ಯಾವಾಗ ಬೇಕಾದರೂ ಷರತ್ತು ಬದಲಿಸಬಹುದು, ಕೇಳುವ ಹಕ್ಕು ನಮಗಿಲ್ಲ.

ಆದರೂ ಕೆ.ಆರ್. ಪೇಟೆಯಲ್ಲೋ ಎಚ್.ಡಿ. ಕೋಟೆಯಲ್ಲೋ ಇರುವ, ಸಿಸ್ಟಂ ಅಡ್ಮಿನ್ ಹುದ್ದೆಯೇ ಇಲ್ಲದ ಪದವಿ ಕಾಲೇಜಿಗೆ ನಾನು ಹೇಳುವುದು ಕ್ಲಾಸ್‌ರೂಮನ್ನೇ. ಒಂದು ಷರತ್ತು: ಕಾಲೇಜಿನ ಸ್ವಂತ ಡೊಮೈನಿನಲ್ಲಿ (ಅಂತರ್ಜಾಲ ವಿಳಾಸದಲ್ಲಿ). ಎಸಿ.ಇನ್, ಇಡಿಯು.ಇನ್ ಡೊಮೈನ್‌ಗಳನ್ನು ಅರ್ನೆಟ್ ಇಂಡಿಯಾ ಕೊಡುತ್ತದೆ, ಸಂಸ್ಥೆಯ ದಾಖಲೆ ಒದಗಿಸಬೇಕು. ಆಮೇಲೆ ಶಿಕ್ಷಣ ಸಂಸ್ಥೆಗಳಿಗಿರುವ ಗೂಗಲ್ ವರ್ಕ್‌ಸ್ಪೇಸ್‌ಗೆ ಅರ್ಜಿ. ಮೈಕ್ರೋಸಾಫ್ಟ್ ಟೀಮ್ಸ್‌ಗೂ ಇಂಥದೇ ಉಚಿತ ದಾರಿ ಇದೆ.

ಡೊಮೈನ್ ಏಕೆ ಮುಖ್ಯ ಎಂದರೆ ಅತಿಥಿ ಉಪನ್ಯಾಸಕರ ಕಾರಣಕ್ಕೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದಲ್ಲಿ ದೊಡ್ಡ ಪಾಲು ಅವರ ಹೆಗಲ ಮೇಲಿದೆ. ಮೇಡಂ ಒಬ್ಬರು ತಮ್ಮ ಸ್ವಂತ ಜಿಮೇಲಿನಲ್ಲಿ ಕ್ಲಾಸ್‌ರೂಮ್ ತೆರೆದು ಒಂದು ಸೆಮಿಸ್ಟರ್ ಪೂರ್ತಿ ನೋಟ್ಸ್, ಪಿಪಿಟಿ, ಅಸೈನ್‌ಮೆಂಟ್ ಹಾಕುತ್ತಾರೆ. ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ಅವರಿಗೆ ಬೇರೆ ಕಾಲೇಜು ಸಿಗುತ್ತದೆ. ತರಗತಿ ಅವರ ಖಾತೆಯೊಂದಿಗೆ ಹೋಯಿತು. ಹೊಸದಾಗಿ ಬಂದವರು ಸೊನ್ನೆಯಿಂದ ಶುರು ಮಾಡಬೇಕು, ವಿದ್ಯಾರ್ಥಿಗಳ ಹಿಂದಿನ ಅಂಕ ಬೇಕೆಂದರೆ ಫೋನ್ ಮಾಡಿ ಬೇಡಬೇಕು. ಕಾಲೇಜಿನ ಡೊಮೈನಿನ ಖಾತೆಯಾಗಿದ್ದರೆ ತರಗತಿಯ ಮಾಲೀಕತ್ವವನ್ನು ಅಡ್ಮಿನ್ ಐದು ನಿಮಿಷದಲ್ಲಿ ಇನ್ನೊಬ್ಬರಿಗೆ ವರ್ಗಾಯಿಸಬಹುದು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅತಿಥಿ ಉಪನ್ಯಾಸಕರು ರಾತ್ರಿ ಕೂತು ಮಾಡಿದ ನೋಟ್ಸ್ ಯಾರದು? ಸಂಬಳವನ್ನೇ ಹೊತ್ತಿಗೆ ಸರಿಯಾಗಿ ಕೊಡದೆ, ಅವರ ಶ್ರಮವನ್ನು ಮಾತ್ರ 'ಸಂಸ್ಥೆಯ ಸಂಪನ್ಮೂಲ' ಎಂದು ಇಟ್ಟುಕೊಳ್ಳುವುದು ಸರಿಯಲ್ಲ. ಹೋಗುವಾಗ ಅವರಿಗೂ ಒಂದು ಪ್ರತಿ ಕೊಡಬೇಕೆಂಬುದನ್ನು ಎಲ್‌ಎಂಎಸ್ ನಿಯಮಾವಳಿಯಲ್ಲೇ ಬರೆದಿಡಬಹುದು.

ಇನಿಶಿಯಲ್, ನುಡಿ, ಕಾಣದ ಅಕ್ಷರ

ಹೊರದೇಶದಲ್ಲಿ ರೂಪುಗೊಂಡ ತಂತ್ರಾಂಶ ನಮ್ಮ ಹೆಸರುಗಳ ಮುಂದೆ ತಬ್ಬಿಬ್ಬಾಗುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎರಡೂ ಕಡ್ಡಾಯ. ನಮ್ಮ ಕಡೆ ಸರ್‌ನೇಮ್ ಎಲ್ಲಿದೆ? 'ಮಹದೇವಸ್ವಾಮಿ ಕೆ.ಎಂ.' ಎಂದರೆ ಊರು, ತಂದೆಯ ಹೆಸರಿನ ಇನಿಶಿಯಲ್. ಆ 'ಕೆ.ಎಂ.' ಕೊನೆಯ ಹೆಸರಿನ ಜಾಗಕ್ಕೆ ಹೋಗುತ್ತದೆ, ಪಟ್ಟಿ ಅದರ ಪ್ರಕಾರ ಜೋಡಣೆಯಾಗುತ್ತದೆ. ಹಾಜರಾತಿ ಪುಸ್ತಕದ ಕ್ರಮಕ್ಕೂ ಪರದೆಯ ಕ್ರಮಕ್ಕೂ ತಾಳೆಯೇ ಆಗದೆ, ಅಂಕ ತುಂಬುವಾಗ ಒಬ್ಬರದು ಇನ್ನೊಬ್ಬರಿಗೆ ಬೀಳುತ್ತದೆ. ಪರಿಹಾರ ಸುಲಭ: ಖಾತೆ ಸೃಷ್ಟಿಸುವಾಗಲೇ ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರನ್ನು ಐಡಿ ಜಾಗದಲ್ಲಿ ಹಾಕಿ, ಎಲ್ಲ ಪಟ್ಟಿಯೂ ಅದರ ಮೇಲೇ ಬರುವಂತೆ ಮಾಡುವುದು. ಡೆಮೊ ಕೊಡುವವರಿಗೆ ನಿಮ್ಮದೇ ಒಂದು ಸೆಕ್ಷನ್ನಿನ ನಿಜವಾದ ಪಟ್ಟಿಯ ಮಾದರಿಯಲ್ಲಿ ಹೆಸರುಗಳನ್ನು ಕೊಟ್ಟು, 'ಇದನ್ನು ಏರಿಸಿ ತೋರಿಸಿ' ಎನ್ನಿ. ಅರ್ಧ ಗಂಟೆಯಲ್ಲಿ ಬಂಡವಾಳ ತಿಳಿಯುತ್ತದೆ.

ಕನ್ನಡದ ವಿಷಯ ಇನ್ನೂ ಜಟಿಲ. 'ಕನ್ನಡ ಸಪೋರ್ಟ್ ಇದೆ' ಎಂದರೆ ಮೆನು ಕನ್ನಡದಲ್ಲಿ ಕಾಣುತ್ತದೆ ಎಂದಷ್ಟೇ ಅರ್ಥ. ಮೂಡಲ್‌ಗೆ ಕನ್ನಡ ಭಾಷಾ ಪ್ಯಾಕ್ ಇದೆ. ಅದು ಮೆನುವಿನ ಮಾತಾಯಿತು. ನಮ್ಮ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ವಿಭಾಗಗಳಲ್ಲಿ ಇಪ್ಪತ್ತು ವರ್ಷದ ನೋಟ್ಸ್ ಇರುವುದು ಕನ್ನಡ ಟೈಪಿಂಗಿನ ಹಳೆಯ 'ನುಡಿ' ತಂತ್ರಾಂಶದಲ್ಲಿ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ. ಅದನ್ನು ಕಾಪಿ ಮಾಡಿ ಎಲ್‌ಎಂಎಸ್ ಪುಟಕ್ಕೆ ಅಂಟಿಸಿದರೆ ಲ್ಯಾಟಿನ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಆಗ ಮೇಷ್ಟ್ರು ಪಿಡಿಎಫ್ ಮಾಡಿ ಹಾಕುತ್ತಾರೆ. ಪಿಡಿಎಫ್ ಕಣ್ಣಿಗೆ ಚೆನ್ನಾಗಿ ಕಂಡರೂ ಅದರೊಳಗೆ ಹುಡುಕಲು ಆಗುವುದಿಲ್ಲ, ದೃಷ್ಟಿ ಇಲ್ಲದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದುವುದಿಲ್ಲ. ಹಳೆಯ ನೋಟ್ಸನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಎಲ್‌ಎಂಎಸ್ ತರುವ ವರ್ಷ ಈ ಕೆಲಸಕ್ಕೆ ಡಿಟಿಪಿ ಬಲ್ಲ ಒಬ್ಬರನ್ನು ಎರಡು ಮೂರು ತಿಂಗಳು ಇಟ್ಟುಕೊಂಡರೆ, ಯಾವ ಪ್ರೀಮಿಯಂ ಸೌಲಭ್ಯಕ್ಕಿಂತ ಹೆಚ್ಚು ಉಪಯೋಗವಾದೀತು.

ಒಂದು ಪದದ ಉತ್ತರದ ಪ್ರಶ್ನೆಗಳಲ್ಲಿ ಮತ್ತೊಂದು ತೊಡಕಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅರಸರು ಯಾರು ಎಂಬ ಪ್ರಶ್ನೆಗೆ 'ನಾಲ್ವಡಿ ಕೃಷ್ಣರಾಜ ಒಡೆಯರ್' ಎಂದು ಸರಿಯುತ್ತರ ಕೊಟ್ಟಿರುತ್ತೀರಿ. ಒಬ್ಬಳು 'ಒಡೆಯರು' ಎಂದು ಬರೆಯುತ್ತಾಳೆ, ಇನ್ನೊಬ್ಬ 'ವಡೆಯರ್' ಎನ್ನುತ್ತಾನೆ. ಇವೆರಡನ್ನೂ ಸರಿಯುತ್ತರದ ಪಟ್ಟಿಗೆ ಸೇರಿಸಬಹುದು. ಮೂರನೆಯವನು ಅಕ್ಷರಶಃ ನಿಮ್ಮಂತೆಯೇ 'ಒಡೆಯರ್' ಎಂದು ಬರೆದಿರುತ್ತಾನೆ, ಆದರೆ ಅವನ ಕೀಬೋರ್ಡು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸಿರುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರ ತಪ್ಪೆಂದು ಸೊನ್ನೆ ಕೊಡುತ್ತದೆ. ಹುಡುಗ ಫೋನ್ ಹಿಡಿದು ಬಂದು 'ಸಾ, ಎರಡೂ ಒಂದೇ ಐತಲ್ಲ' ಎಂದು ಕೇಳಿದರೆ ಉತ್ತರವಿಲ್ಲ. ಕನ್ನಡ ಮಾಧ್ಯಮದ ಪತ್ರಿಕೆಗಳಲ್ಲಿ ಸದ್ಯಕ್ಕೆ ಬಹು ಆಯ್ಕೆಯ ಪ್ರಶ್ನೆಗಳನ್ನಷ್ಟೇ ಯಂತ್ರಕ್ಕೆ ಬಿಟ್ಟು, ಬರೆಯುವ ಉತ್ತರಗಳನ್ನು ಮೇಷ್ಟ್ರೇ ನೋಡುವುದು ಕ್ಷೇಮ.

ರೈಲಿನಲ್ಲಿ ಓದುವವರು

ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳಿದ್ದಾರೆ. ಬಿಡುವಿನ ಸಮಯ ಎಂದರೆ ಅವರಿಗೆ ಆ ಪ್ರಯಾಣವೇ. ದಾರಿಯಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಮುಕ್ಕಾಲು ಗಂಟೆಯ ಒಂದು ಒಳ್ಳೆ ಗುಣಮಟ್ಟದ ವಿಡಿಯೊ ಸುಲಭವಾಗಿ ನಾಲ್ಕೈದು ನೂರು ಎಂಬಿ ತಿನ್ನುತ್ತದೆ. ಮೂರು ಪಾಠಕ್ಕೆ ದಿನದ ಕೋಟಾ ಮುಗಿಯಿತು. ಹೀಗಾಗಿ ಆ್ಯಪ್‌ನಲ್ಲಿ ಪಾಠವನ್ನು ಕಾಲೇಜಿನ ವೈಫೈನಲ್ಲೇ ಇಳಿಸಿಕೊಂಡು ಸಿಗ್ನಲ್ ಇಲ್ಲದಾಗ ಓದಲು ಆಗುತ್ತದೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು. ಮೂಡಲ್ ಆ್ಯಪ್‌ನಲ್ಲಿ ಈ ಸೌಲಭ್ಯ ಇದೆ, ಆದರೆ ಉಚಿತ ಹಂತದಲ್ಲಿ ಡೌನ್‌ಲೋಡಿಗೂ ನೋಟಿಫಿಕೇಶನ್‌ಗೂ ಮಿತಿ ಹಾಕಿದ್ದಾರೆ. ವಿಡಿಯೊಗಳನ್ನು ಎಲ್‌ಎಂಎಸ್ ಸರ್ವರಿನಲ್ಲಿ ಇಡುವುದಂತೂ ಬೇಡವೇ ಬೇಡ. ಯೂಟ್ಯೂಬಿನಲ್ಲಿ ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಹಾಕಿದರೆ ಸರ್ವರೂ ಉಳಿಯಿತು, ಕಡಿಮೆ ಗುಣಮಟ್ಟದಲ್ಲಿ ನೋಡುವ ಆಯ್ಕೆಯೂ ಸಿಕ್ಕಿತು.

ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಿಸಿಬಿಡುತ್ತೇವೆ ಎಂದು ಹೊರಡುವ ಕಾಲೇಜುಗಳನ್ನು ಕಂಡರೆ ನಗು ಬರುತ್ತದೆ. ಆ ಗುಂಪು ಹೋಗುವುದಿಲ್ಲ. ಎಲ್‌ಎಂಎಸ್‌ನಲ್ಲಿ ಹಾಕಿದ್ದರ ಲಿಂಕ್ ಅಲ್ಲಿಗೆ ಬರಲಿ, ಅಸೈನ್‌ಮೆಂಟ್ ಸಲ್ಲಿಕೆ ಮಾತ್ರ ಎಲ್‌ಎಂಎಸ್‌ನಲ್ಲೇ ಆಗಲಿ. ಇಂಟರ್ನಲ್ ಅಂಕ ಅಲ್ಲೇ ಕಾಣುತ್ತದೆ ಎಂದು ಗೊತ್ತಾದ ಮೇಲೆ ಹುಡುಗರನ್ನು ಯಾರೂ ಕರೆತರಬೇಕಿಲ್ಲ.

ಮೂರು ವರ್ಷ, ನಾಲ್ಕು ವರ್ಷ, ಮತ್ತೆ ಮೂರು

ಹೊರಗಿನಿಂದ ಬಂದ ಮಾರಾಟಗಾರರಿಗೆ ಅರ್ಥವಾಗದ ಸಂಗತಿ ನಮ್ಮ ಪಠ್ಯಕ್ರಮದ ಏರಿಳಿತ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, ನಾಲ್ಕು ವರ್ಷದ ಪದವಿ ಎಂದಾಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಅದು ರಾಜ್ಯ ಶಿಕ್ಷಣ ನೀತಿಯ ಎಸ್‌ಇಪಿ ಸ್ಕೀಮ್. ಹೀಗಾಗಿ 2025-26ರಲ್ಲಿ ಒಂದೇ ಕಾಲೇಜಿನಲ್ಲಿ ಮೂರನೇ ವರ್ಷದವರು ಒಂದು ಸ್ಕೀಮ್, ಅವರ ಕೆಳಗಿನವರು ಇನ್ನೊಂದು, ಜೊತೆಗೆ ಬಾಕಿ ಪತ್ರಿಕೆ ಉಳಿಸಿಕೊಂಡವರು. ಒಂದೇ ಹೆಸರಿನ ಪತ್ರಿಕೆಗೆ ಬೇರೆ ಬೇರೆ ಕೋಡ್, ಬೇರೆ ಕ್ರೆಡಿಟ್, ಇಂಟರ್ನಲ್ಸ್‌ಗೆ ಬೇರೆ ಲೆಕ್ಕ. ವರ್ಷದ ಆರಂಭದಲ್ಲೇ 'ಸ್ಕೀಮ್, ವರ್ಷ, ಸೆಮಿಸ್ಟರ್, ಪತ್ರಿಕೆ' ಎಂಬ ಕ್ರಮದಲ್ಲಿ ಅಡಕ ಮಾಡದಿದ್ದರೆ, ಎರಡು ವರ್ಷ ಕಳೆಯುವಷ್ಟರಲ್ಲಿ 'ಎಕನಾಮಿಕ್ಸ್ ಹೊಸದು', 'ಎಕನಾಮಿಕ್ಸ್ ಹೊಸದು 2' ಎಂಬ ಕೋರ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಕೋರ್ಸ್ ನಕಲು ಮಾಡುವುದು, ಹಳೆಯದನ್ನು ಅಳಿಸದೆ ಕಪಾಟಿಗೆ ಸೇರಿಸುವುದು, ಅಂಕದ ಸೂತ್ರ ಬದಲಿಸುವುದು ಇವು ಮೇಷ್ಟ್ರ ಕೈಯಲ್ಲೇ ಆಗಬೇಕು. ಪ್ರತಿಯೊಂದಕ್ಕೂ ಕಂಪನಿಗೆ ಟಿಕೆಟ್ ಹಾಕಬೇಕು ಎಂದಾದರೆ ಬೇಡ.

ಎಂಜಿನಿಯರಿಂಗ್ ಕಾಲೇಜುಗಳಿಗೆ ಎನ್‌ಬಿಎ ಕಾರಣದಿಂದ ಸಿಒ-ಪಿಒ (ಕೋರ್ಸ್ ಫಲಿತ, ಪ್ರೋಗ್ರಾಂ ಫಲಿತ) ಲೆಕ್ಕ ಬೇರೆ ಇದೆ. ಪ್ರತಿ ಪ್ರಶ್ನೆಯನ್ನೂ ಒಂದು ಕೋರ್ಸ್ ಫಲಿತಕ್ಕೆ ಜೋಡಿಸಿ, ಕೊನೆಗೆ ಸಾಧನೆಯ ಪ್ರಮಾಣ ತೆಗೆಯಬೇಕು. ಸದ್ಯ ಇದು ನಡೆಯುವುದು ಎಕ್ಸೆಲ್ ಶೀಟಿನಲ್ಲಿ, ಸೆಮಿಸ್ಟರ್ ಕೊನೆಯ ವಾರ, ಬೈಗುಳದ ಜೊತೆ. ಪ್ರಶ್ನೆ ಬರೆಯುವಾಗಲೇ ಸಿಒ ಗುರುತು ಹಾಕಲು ಬಿಡುವ ಎಲ್‌ಎಂಎಸ್ ಇದ್ದರೆ ಆ ವಾರ ಉಳಿಯುತ್ತದೆ. ಮೂಡಲ್‌ನಲ್ಲಿ ಔಟ್‌ಕಮ್, ಕಾಂಪಿಟೆನ್ಸಿ ಸೌಲಭ್ಯಗಳಿವೆ, ಎನ್‌ಬಿಎ ನಮೂನೆಗೆ ಅದನ್ನು ಒಗ್ಗಿಸುವ ಕೆಲಸ ಮಾತ್ರ ನಿಮ್ಮದೇ. ಮೈಸೂರು, ಮಂಡ್ಯದ ದೊಡ್ಡ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಂಪ್ಯೂಟರ್ ವಿಭಾಗದ ಬಲ ಇದೆ, ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಅವರು ಸ್ವಂತ ಮೂಡಲ್ ಇಟ್ಟು, ಪಾಠದ ಹೊರೆ ಇಲ್ಲದ ಒಬ್ಬ ಪೂರ್ಣಾವಧಿ ಅಡ್ಮಿನ್ ನೇಮಿಸಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಹಣ ಕೊಟ್ಟು ಕೊಳ್ಳುವ ಕ್ಯಾನ್‌ವಾಸ್, ಬ್ಲ್ಯಾಕ್‌ಬೋರ್ಡ್ ಎಲ್‌ಎಂಎಸ್‌ಗಳು ಕೆಟ್ಟವೆಂದಲ್ಲ; ಖರ್ಚು ಹೊರಬಲ್ಲ ಡೀಮ್ಡ್ ವಿಶ್ವವಿದ್ಯಾಲಯಗಳು ಯೋಚಿಸಲಿ.

ಹದಿನೆಂಟು ತುಂಬದವರು

ಪಿಯು ಮತ್ತು ಪದವಿ ಒಂದೇ ಆವರಣದಲ್ಲಿರುವ ಸಂಸ್ಥೆಗಳು ನಮ್ಮಲ್ಲಿ ಹೇರಳ. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ 18ರ ಕೆಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ಶಿಕ್ಷಣ ಸಂಸ್ಥೆಗಳಿಗೆ ಪಾಠ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ವಿನಾಯಿತಿ ಇದೆ. ಆದರೆ ಮಾಹಿತಿ ಸೋರಿದರೆ 'ಅದು ಕಂಪನಿಯವರ ತಪ್ಪು' ಎಂದು ಕಾಲೇಜು ಕೈತೊಳೆದುಕೊಳ್ಳಲು ಆಗದು, ಕಾನೂನಿನ ಕಣ್ಣಲ್ಲಿ ಹೊಣೆ ಸಂಸ್ಥೆಯದೇ. ಅಮೆರಿಕದಲ್ಲಿ ಶಾಲೆಗಳ ದಾಖಲೆ ಇಡುವ ಪವರ್‌ಸ್ಕೂಲ್ ಕಂಪನಿಗೆ 2024ರ ಡಿಸೆಂಬರಿನಲ್ಲಿ ಕನ್ನ ಬಿದ್ದು ಕೋಟಿಗಟ್ಟಲೆ ಮಕ್ಕಳ ಮಾಹಿತಿ ಹೊರಹೋಯಿತು. ಅಲ್ಲಿ ಕಳುವಾದದ್ದರಲ್ಲಿ ವರ್ಷಗಳ ಹಿಂದೆ ಶಾಲೆ ಬಿಟ್ಟವರ ದಾಖಲೆಯೂ ಇತ್ತು.

ಇದರಿಂದ ಹೊರಡುವ ಕೆಲಸ ಸಣ್ಣದೇ. ಎಲ್‌ಎಂಎಸ್‌ಗೆ ಆಧಾರ್ ಸಂಖ್ಯೆ ಬೇಡ, ಜಾತಿ ಬೇಡ, ತಂದೆಯ ಆದಾಯ ಬೇಡ. ಹೆಸರು, ರಿಜಿಸ್ಟರ್ ನಂಬರ್, ಇಮೇಲ್ ಸಾಕು. ಇಆರ್‌ಪಿಯ ಜೊತೆ ಎಲ್‌ಎಂಎಸ್ ಕೊಂಡಾಗ ಈ ಎಲ್ಲವೂ ಒಂದೇ ಕಡೆ ಬೆರೆತುಹೋಗುತ್ತದೆ. ಅದನ್ನು ದೂರವಿಡಲು ನನಗಿರುವ ದೊಡ್ಡ ಕಾರಣ ಇದು. ಗೂಗಲ್ ಬಳಸುವವರು ಪಿಯು ವಿದ್ಯಾರ್ಥಿಗಳ ಖಾತೆಗಳನ್ನು ಬೇರೆ ಗುಂಪಿಗೆ ಹಾಕಿ, ಅಡ್ಮಿನ್ ಪುಟದ ವಯಸ್ಸಿನ ಸೆಟ್ಟಿಂಗ್‌ನಲ್ಲಿ 18ರ ಕೆಳಗಿನವರೆಂದು ಗುರುತಿಸಬೇಕು.

ಬಿಟ್ಟು ಹೊರಡುವ ದಿನ

ಎಡ್‌ಮೋಡೊ ಎಂಬುದೊಂದಿತ್ತು. 2008ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಜಗತ್ತಿನಾದ್ಯಂತ ಮೇಷ್ಟ್ರುಗಳು ಬಳಸುತ್ತಿದ್ದ ವೇದಿಕೆ. 2022ರ ಸೆಪ್ಟೆಂಬರ್ 22ರಂದು ಬಾಗಿಲು ಹಾಕಿತು. ಅಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕ್ವಿಜ್‌ಗಳನ್ನು ಇಳಿಸಿಕೊಳ್ಳದೆ ಇದ್ದವರಿಗೆ ಅವು ಹೋದವು. ಮುಚ್ಚುವುದು ಕಂಪನಿಯೇ ಆಗಬೇಕೆಂದಿಲ್ಲ. ಹೊಸ ವಿಶ್ವವಿದ್ಯಾಲಯಗಳನ್ನು ಮಾತೃಸಂಸ್ಥೆಯೊಂದಿಗೆ ವಿಲೀನಗೊಳಿಸುವ ಮಾತು 2025ರಲ್ಲಿ ಎದ್ದಾಗ ಮಂಡ್ಯ ವಿಶ್ವವಿದ್ಯಾಲಯದ ಹೆಸರೂ ಪಟ್ಟಿಯಲ್ಲಿತ್ತು. ಅಂಥ ನಿರ್ಧಾರ ಯಾವತ್ತಾದರೂ ಜಾರಿಯಾದರೆ ಕೋರ್ಸ್, ಅಂಕ, ಪ್ರಶ್ನೆಕೋಶ ಎಲ್ಲವನ್ನೂ ಇನ್ನೊಂದು ವ್ಯವಸ್ಥೆಗೆ ಸಾಗಿಸಬೇಕಾಗುತ್ತದೆ.

ಸಾಗಿಸಬೇಕಾದವುಗಳಲ್ಲಿ ಅತ್ಯಂತ ಬೆಲೆಬಾಳುವುದು ಪ್ರಶ್ನೆಕೋಶ. ನೋಟ್ಸ್ ಹೇಗೂ ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಇರುತ್ತದೆ, ಅಂಕಗಳು ಯುಯುಸಿಎಂಎಸ್‌ಗೆ ಹೋಗಿರುತ್ತವೆ. ಹತ್ತು ಮೇಷ್ಟ್ರು ನಾಲ್ಕು ವರ್ಷ ಬರೆದು, ತಿದ್ದಿ, ಯಾವುದು ಸುಲಭ ಯಾವುದು ಕಷ್ಟ ಎಂದು ಗುರುತಿಟ್ಟ ಪ್ರಶ್ನೆಗಳು ಎಲ್‌ಎಂಎಸ್‌ನಲ್ಲಿ ಬಿಟ್ಟರೆ ಎಲ್ಲೂ ಇರುವುದಿಲ್ಲ. ಮೂಡಲ್‌ನಿಂದ ಅವನ್ನು ಎಕ್ಸ್‌ಎಂಎಲ್ ಕಡತವಾಗಿ ತೆಗೆಯಬಹುದು. ಗೂಗಲ್ ಫಾರ್ಮ್ಸ್‌ನಲ್ಲಿ ಮಾಡಿದ ಕ್ವಿಜ್‌ಗಳನ್ನು ಬೇರೆಡೆ ಒಯ್ಯಲು ನೇರ ದಾರಿಯಿಲ್ಲ, ಯಾರೋ ಮಾಡಿದ ಆಡ್‌ಆನ್ ನೆಚ್ಚಬೇಕು. ಅದಕ್ಕೇ ಕ್ಲಾಸ್‌ರೂಮ್ ಬಳಸುವ ಕಾಲೇಜು ಪ್ರಶ್ನೆಗಳ ಮೂಲಪ್ರತಿಯನ್ನು ಒಂದು ಶೀಟಿನಲ್ಲಿ ಇಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಬೇಕು. ಖಾಸಗಿ ಕಂಪನಿಯ ಎಲ್‌ಎಂಎಸ್ ಆದರೆ ಬೇರೆ ಎಲ್‌ಎಂಎಸ್‌ಗಳಿಗೂ ಒಯ್ಯಬಲ್ಲ ಸಾಮಾನ್ಯ ಮಾದರಿಗಳಲ್ಲಿ, ಅಂದರೆ ಕ್ಯುಟಿಐ ಮಾದರಿಯಲ್ಲಿ ಪ್ರಶ್ನೆಗಳು, ಕಾಮನ್ ಕಾರ್ಟ್ರಿಜ್ ಅಥವಾ ಸ್ಕಾರ್ಮ್ ಮಾದರಿಯಲ್ಲಿ ಪಾಠಗಳು, ಸಿಎಸ್‌ವಿಯಲ್ಲಿ ಅಂಕಪಟ್ಟಿ ಹೊರಬರುತ್ತವೆಯೇ ಎಂದು ಕೇಳಿ. 'ಬರುತ್ತೆ ಸಾರ್' ಎಂಬ ಮಾತಿಗೆ ತೃಪ್ತರಾಗದೆ, ಡೆಮೊ ಖಾತೆಯಿಂದ ಅಲ್ಲೇ ತೆಗೆಸಿ, ಇನ್ನೊಂದು ಕಂಪ್ಯೂಟರಿನಲ್ಲಿ ಆ ಮಾದರಿ ಓದಬಲ್ಲ ಬೇರೊಂದು ಎಲ್‌ಎಂಎಸ್‌ಗೆ ಏರಿಸಿ ನೋಡಿ.

ಸರ್ಕಾರಿ ಸಂಸ್ಥೆಗಳು ದೊಡ್ಡ ಖರೀದಿಗೆ ಕೆಟಿಪಿಪಿ ಎಂಬ ರಾಜ್ಯದ ಸಾರ್ವಜನಿಕ ಖರೀದಿ ಕಾಯ್ದೆಯಡಿ ಟೆಂಡರ್ ಕರೆಯಬೇಕು, ಅದು ಎಲ್-1ಗೆ, ಅಂದರೆ ಅತಿ ಕಡಿಮೆ ದರ ಹೇಳಿದವರಿಗೆ ಹೋಗುತ್ತದೆ. ಟೆಂಡರಿನ ತಾಂತ್ರಿಕ ಷರತ್ತುಗಳನ್ನು ಯಾವುದೋ ಕಂಪನಿಯ ಬ್ರೋಷರ್ ನೋಡಿ ಬರೆದರೆ ಆ ಕಂಪನಿಯೇ ಗೆಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬದಲು ಮೂರು ಷರತ್ತುಗಳನ್ನು ಬಿಗಿಯಾಗಿ ಬರೆದರೆ ಅರ್ಧ ಕೆಲಸ ಆಯಿತು. ಒಪ್ಪಂದ ಮುಗಿದ ಮೇಲೆ 90 ದಿನ ಎಲ್ಲ ದತ್ತಾಂಶ ಮೇಲೆ ಹೇಳಿದ ಮಾದರಿಗಳಲ್ಲಿ ಲಭ್ಯವಿರಬೇಕು, ಆಮೇಲೆ ಅಳಿಸಿದ್ದಕ್ಕೆ ಪ್ರಮಾಣಪತ್ರ ಕೊಡಬೇಕು. ಎರಡನೇ, ಮೂರನೇ ವರ್ಷದ ನವೀಕರಣ ದರ ಈಗಲೇ ನಮೂದಾಗಬೇಕು, ಏಕೆಂದರೆ ಮೊದಲ ವರ್ಷ ಕೈಗೆಟಕುವ ದರ ಕೊಟ್ಟು ಆಮೇಲೆ ಏರಿಸುವುದು ಹಳೆಯ ವರಸೆ. ಮೂರನೆಯದು, ಪರೀಕ್ಷೆಯ ದಿನ ಒಂದು ನಿಗದಿತ ಸಂಖ್ಯೆಯ ವಿದ್ಯಾರ್ಥಿಗಳು ಏಕಕಾಲಕ್ಕೆ ಕ್ವಿಜ್ ಬರೆದರೆ ವ್ಯವಸ್ಥೆ ತಡೆಯಬೇಕು, ತಡೆಯದಿದ್ದರೆ ಹಣ ಕಡಿತ. ಎಐ ಪತ್ತೆ, ಬ್ಲಾಕ್‌ಚೈನ್ ಪ್ರಮಾಣಪತ್ರ ಇತ್ಯಾದಿಗಳಿಗೆ ಸದ್ಯ ಒಂದು ಪೈಸೆಯನ್ನೂ ಕೊಡಬೇಡಿ.

ಆರಿಸಿದ್ದು ಯಾವುದೇ ಆಗಲಿ, ಇಡೀ ಕಾಲೇಜಿಗೆ ಒಮ್ಮೆಲೇ ತರುವುದು ಬೇಡ. ಕಾಮರ್ಸ್ ವಿಭಾಗದಂಥ ದೊಡ್ಡದೊಂದು, ಕನ್ನಡದಂಥದೊಂದು ಆರಿಸಿಕೊಂಡು ಒಂದು ಸೆಮಿಸ್ಟರ್ ನಡೆಸಿ. ಇಬ್ಬರು ಅಡ್ಮಿನ್ ಇರಲಿ, ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ ಪ್ರಾಂಶುಪಾಲರ ಬೀರುವಿನಲ್ಲಿರಲಿ. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಲಾಗ್ ತೆರೆದು ನೋಡಿ: ಎಷ್ಟು ವಿದ್ಯಾರ್ಥಿಗಳು ಒಮ್ಮೆಯೂ ಒಳಬಂದಿಲ್ಲ, ಎಷ್ಟು ಮೇಷ್ಟ್ರು ಮೊದಲ ವಾರದ ನಂತರ ಏನನ್ನೂ ಹಾಕಿಲ್ಲ, ಫೋನಿನಿಂದ ಬಂದವರೆಷ್ಟು. ಒಳಬಾರದವರ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೇಳಿದರೆ ಫೋನ್ ಇಲ್ಲವೋ, ಪಾಸ್‌ವರ್ಡ್ ಹೋಯಿತೋ, ಊರಿನಲ್ಲಿ ನೆಟ್‌ವರ್ಕ್ ಇಲ್ಲವೋ ತಿಳಿಯುತ್ತದೆ. ಅಡ್ಮಿನ್ ಹುದ್ದೆಗೆ ಮುಂದಿನ ವರ್ಷದ ಬಜೆಟ್‌ನಲ್ಲಿ ಹಣ ಇಡಬೇಕೆಂಬ ಪ್ರಸ್ತಾವವನ್ನು ಆಡಳಿತ ಮಂಡಳಿಯ ಮುಂದಿಡುವಾಗ ಈ ಪಟ್ಟಿಯನ್ನೂ ಜೊತೆಗೆ ಲಗತ್ತಿಸಿ.